ವರ್ಷದ ಮೊದಲ ವಾರಗಳು: ಮಾಂಟೆಸರಿ ತರಗತಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಇಷ್ಟು ಕಾಲ ಮೂರರಿಂದ ಆರು ವರ್ಷದ ಮಕ್ಕಳ ಜೊತೆಗಿದ್ದ ನೀನು ಈ ಸಲ ಆರರಿಂದ ಒಂಬತ್ತು ವರ್ಷದವರ ತರಗತಿಯನ್ನು ವಹಿಸಿಕೊಳ್ಳುತ್ತಿರುವ ವಿಷಯ ತಿಳಿದು ಬಹಳ ಸಂತೋಷವಾಯಿತು. ಶಾಲೆ ಆರಂಭವಾದ ಮೊದಲ ಕೆಲವು ವಾರಗಳಲ್ಲಿ ಯಾವುದರಿಂದ ತೊಡಗಬೇಕು ಎಂದು ಕೇಳಿದ್ದೀಯೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ವಾರದಲ್ಲಿಯೇ ವಿಶ್ವದ ಹುಟ್ಟಿನ ಕಥೆಯನ್ನು ಹೇಳು. ಮಕ್ಕಳು ಮೊದಲು ಶಿಸ್ತಿಗೆ ಬರಲಿ, ಯಾರಿಗೆ ಏನೇನು ಬರುತ್ತದೆ ಎಂಬುದು ಗೊತ್ತಾಗಲಿ, ಕಥೆ ಆಮೇಲೆ ಆಗಲಿ ಎಂದು ಅದನ್ನು ಮುಂದೂಡಬೇಡ. ತರಗತಿ ಒಂದು ಹದಕ್ಕೆ ಬರುವುದು ಮಕ್ಕಳಿಗೆ ತಲೆ ಕೆಡಿಸಿಕೊಳ್ಳುವಂಥ ವಿಷಯವೊಂದು ಸಿಕ್ಕ ಮೇಲೆಯೇ ಹೊರತು ಅದಕ್ಕೆ ಮೊದಲಲ್ಲ.

ಇದಕ್ಕೆ ಕಾರಣ ಈ ವಯಸ್ಸಿನ ಸ್ವಭಾವದಲ್ಲಿಯೇ ಇದೆ. ಹುಟ್ಟಿನಿಂದ ಇಪ್ಪತ್ತನಾಲ್ಕು ವರ್ಷದವರೆಗಿನ ಬೆಳವಣಿಗೆಯನ್ನು, ಈ ಶಿಕ್ಷಣಕ್ರಮವನ್ನು ರೂಪಿಸಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ ಆರಾರು ವರ್ಷಗಳ ನಾಲ್ಕು ಘಟ್ಟಗಳಾಗಿ ನೋಡಿದರು ಎಂಬುದು ನಿನಗೆ ಗೊತ್ತೇ ಇದೆ. ನೀನು ಇದುವರೆಗೆ ಕಂಡ ಮಗು ಕೈಯಿಂದ ಮುಟ್ಟಿ, ಕಣ್ಣಿಂದ ಕಂಡು ಜಗತ್ತನ್ನು ತನ್ನೊಳಗೆ ಸೆಳೆದುಕೊಳ್ಳುತ್ತಿತ್ತು. ಅದರ ಪ್ರಶ್ನೆ "ಇದೇನು" ಎಂಬುದಾಗಿತ್ತು. ಇನ್ನು ಮುಂದೆ ನಿನ್ನೆದುರು ಕೂರುವ ಮಗು "ಏಕೆ", "ಹೇಗೆ", "ಅದು ನಿನಗೆ ಹೇಗೆ ಗೊತ್ತು" ಎಂದು ಕೇಳುತ್ತದೆ. ಅದು ಗುಂಪು ಕಟ್ಟಿಕೊಳ್ಳುತ್ತದೆ, ನ್ಯಾಯ ಅನ್ಯಾಯಗಳ ಬಗ್ಗೆ ದಿನವಿಡೀ ವಾದಿಸುತ್ತದೆ, ಕಣ್ಣಿಗೆ ಕಾಣದ್ದನ್ನು ಕಲ್ಪಿಸಿಕೊಳ್ಳಬಲ್ಲದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿಯೇ ಉಳಿಯಬೇಕಾಗಿ ಬಂದ ಮಾಂಟೆಸರಿ, 1942ರಿಂದ 1944ರವರೆಗೆ ಕೊಡೈಕನಾಲಿನಲ್ಲಿ ಮಗ ಮಾರಿಯೊ ಜೊತೆಗೂಡಿ ಈ ವಯಸ್ಸಿನ ಮಕ್ಕಳೊಂದಿಗೆ ಮಾಡಿದ ಕೆಲಸದಲ್ಲಿ "ಕಾಸ್ಮಿಕ್ ಶಿಕ್ಷಣ" ಎಂಬ ಕ್ರಮವು ಸ್ಪಷ್ಟ ರೂಪ ಪಡೆಯಿತು. ಮೊದಲು ಇಡೀ ವಿಶ್ವವನ್ನು ಮಗುವಿನ ಮುಂದಿಡಬೇಕು, ಬಿಡಿ ವಿಷಯಗಳು ಅದರೊಳಗಿನಿಂದ ಒಂದೊಂದಾಗಿ ಹೊರಬರಬೇಕು ಎಂಬುದೇ ಅದರ ತಿರುಳು. ಹಾಗಾಗಿ ಗಣಿತದ ಹಿಂದಿನ ವರ್ಷದ ಪಾಠಗಳನ್ನು ಮರಳಿ ಮಾಡಿಸುವುದರಿಂದ ವರ್ಷವನ್ನು ತೊಡಗುವುದು ಈ ಕ್ರಮಕ್ಕೇ ವಿರುದ್ಧವಾದದ್ದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಗ ಕಥೆಯ ದಿನದ ವಿಷಯಕ್ಕೆ ಬರುತ್ತೇನೆ. ಕತ್ತಲು ಮತ್ತು ಚಳಿಯ ವರ್ಣನೆಯಿಂದ ತೊಡಗಿ, ನಕ್ಷತ್ರಗಳು, ಸೂರ್ಯ, ಕಾದು ಕೆಂಪಾಗಿದ್ದ ಭೂಮಿ, ಅದು ತಣಿದು ಮಳೆ ಸುರಿದು ಸಮುದ್ರಗಳು ತುಂಬಿದ್ದು, ಹೀಗೆ ಅದು ಸಾಗುತ್ತದೆ. ಮೂಲದಲ್ಲಿ ಇದನ್ನು ಕೈಗಳಿಲ್ಲದ ದೇವರ ಕಥೆಯಾಗಿ ಹೇಳುತ್ತಿದ್ದರು. ಇಂದು ಅನೇಕ ತರಗತಿಗಳಲ್ಲಿ ದೇವರ ಮಾತಿಲ್ಲದೆ, ಪ್ರಕೃತಿಯ ನಿಯಮಗಳ ಕಥೆಯಾಗಿಯೇ ಹೇಳುತ್ತಾರೆ. ನೀನು ಯಾವ ರೀತಿಯನ್ನು ಆರಿಸಿಕೊಂಡರೂ, ಪ್ರತಿಯೊಂದು ವಸ್ತುವೂ ತನ್ನ ನಿಯಮಕ್ಕೆ ತಪ್ಪದೆ ನಡೆದುಕೊಳ್ಳುತ್ತದೆ ಎಂಬ ಎಳೆ ಮಾತ್ರ ಎಲ್ಲಿಯೂ ಕಡಿಯಬಾರದು. ಕಥೆಯನ್ನು ಓದಬೇಡ, ಹೇಳು. ಹೇಳುವ ಮೊದಲು, ಕಥೆಯ ಜೊತೆಜೊತೆಗೆ ತೋರಿಸುವ ಎಲ್ಲ ಪ್ರಯೋಗಗಳನ್ನೂ ಒಬ್ಬನೇ ಕುಳಿತು ಮಾಡಿ ನೋಡಿರು.

ಆ ಪ್ರಯೋಗಗಳ ಪೈಕಿ ನನಗೆ ಅತ್ಯಂತ ಇಷ್ಟವಾದದ್ದು ಮೂರು ದ್ರವಗಳದ್ದು. ಎತ್ತರದ ಗಾಜಿನ ಪಾತ್ರೆಯೊಂದಕ್ಕೆ ಮೊದಲು ಎಣ್ಣೆ, ಅದರ ಮೇಲೆ ಬಣ್ಣ ಬೆರೆಸಿದ ನೀರು, ಕೊನೆಗೆ ಜೇನುತುಪ್ಪವನ್ನು ನಿಧಾನವಾಗಿ ಸುರಿಯಬೇಕು. ಹಗುರವಾದದ್ದನ್ನೇ ಮೊದಲು ಹಾಕುವುದರಲ್ಲಿ ಇದರ ಸ್ವಾರಸ್ಯವಿದೆ. ನೀರು ಎಣ್ಣೆಯನ್ನು ಭೇದಿಸಿಕೊಂಡು ಗುಂಡು ಗುಂಡಾಗಿ ಕೆಳಗಿಳಿಯುತ್ತದೆ, ಎಣ್ಣೆ ಮೇಲೇರುತ್ತದೆ. ಜೇನು ಎರಡನ್ನೂ ದಾಟಿ ಎಳೆಯಾಗಿ ತಳ ಸೇರಿ ಅಲ್ಲಿಯೇ ಹರಡಿಕೊಳ್ಳುತ್ತದೆ. ಭೂಮಿ ಕರಗಿದ ಸ್ಥಿತಿಯಲ್ಲಿದ್ದಾಗ ಭಾರವಾದ ಕಬ್ಬಿಣ ಮತ್ತು ನಿಕ್ಕಲ್ ಕೇಂದ್ರಕ್ಕಿಳಿದು, ಹಗುರವಾದ ಶಿಲಾದ್ರವ್ಯ ಮೇಲುಳಿದದ್ದನ್ನು ಈ ಪಾತ್ರೆಗಿಂತ ಚೆನ್ನಾಗಿ ತೋರಿಸುವ ಸಾಧನ ನನಗೆ ತಿಳಿದಿಲ್ಲ. ದ್ರವಗಳು ತಮ್ಮ ತಮ್ಮ ಜಾಗ ಸೇರುವವರೆಗೂ ಏನನ್ನೂ ವಿವರಿಸದೆ ಸುಮ್ಮನಿರು. ಮಕ್ಕಳು ತಾವಾಗಿಯೇ ಪಾತ್ರೆಯ ಹತ್ತಿರಕ್ಕೆ ಸರಿಯುತ್ತಾರೆ. ಮಾರನೆಯ ದಿನ ಅದನ್ನು ಕಪಾಟಿನ ಮೇಲಿಟ್ಟರೆ ಯಾರಾದರೊಬ್ಬರು ಗುಂಡಿ, ಮೊಳೆ, ಮರದ ಚೂರುಗಳನ್ನು ತಂದು ಯಾವುದು ಎಲ್ಲಿ ನಿಲ್ಲುತ್ತದೆ ಎಂದು ಪರೀಕ್ಷಿಸಲು ಅನುಮತಿ ಕೇಳುವುದು ಬಹುಮಟ್ಟಿಗೆ ಖಚಿತ. ಅನುಮತಿ ಕೊಡು, ಕಂಡದ್ದನ್ನು ಬರೆದಿಡಲು ಹೇಳು.

ಇನ್ನುಳಿದ ಪ್ರಯೋಗಗಳಲ್ಲಿ ಕೆಲವು ಎಚ್ಚರಿಕೆಗಳಿವೆ. ತಟ್ಟೆಯ ನೀರಿನ ಮೇಲೆ ಉದುರಿಸಿದ ಕಾಗದದ ಚೂರುಗಳು ಒಂದರ ಬಳಿಗೊಂದು ಸೇರಿಕೊಳ್ಳುವುದನ್ನು ತೋರಿಸಿ, ಕಣಗಳು ಹೀಗೆಯೇ ಒಂದನ್ನೊಂದು ಸೆಳೆದವು ಎಂದು ಹೇಳುವ ವಾಡಿಕೆಯಿದೆ. ನೋಡಲು ಅದು ಸುಂದರ, ಆದರೆ ಅಲ್ಲಿ ಕೆಲಸ ಮಾಡುವುದು ನೀರಿನ ಮೇಲ್ಮೈಯ ಬಲವೇ ಹೊರತು ಗುರುತ್ವಾಕರ್ಷಣೆಯಲ್ಲ. ಒಂಬತ್ತರ ಹತ್ತಿರವಿರುವ ಮಗು ಕೇಳಿದರೆ ಇದನ್ನು ಮುಚ್ಚಿಡದೆ ಹೇಳಬೇಕು. ಜ್ವಾಲಾಮುಖಿಗಾಗಿ ಹಳೆಯ ಟಿಪ್ಪಣಿಗಳಲ್ಲಿ ಅಮೋನಿಯಂ ಡೈಕ್ರೋಮೇಟನ್ನು ಸುಡುವ ವಿಧಾನ ಕಂಡರೆ ಅದನ್ನು ಮುಟ್ಟಲೇಬೇಡ. ಅದು ಕ್ಯಾನ್ಸರ್ ತರಬಲ್ಲ ವಿಷವಸ್ತು. ಅಡುಗೆ ಸೋಡಾ ಮತ್ತು ವಿನೆಗರ್ ಸಾಕು, ಆದರೆ ಅದೇ ಇಡೀ ದಿನದ ಆಕರ್ಷಣೆಯಾಗದಂತೆ ನೋಡಿಕೋ. ಮಕ್ಕಳು ಮನೆಗೆ ಹೋಗಿ ನೊರೆಯ ಸುದ್ದಿಯೊಂದನ್ನೇ ಹೇಳಿದರೆ ಕಥೆ ಕಳೆದುಹೋಯಿತೆಂದೇ ಅರ್ಥ. ಮೇಣವನ್ನೂ ಕಬ್ಬಿಣದ ಚೂರನ್ನೂ ಒಟ್ಟಿಗೆ ಬಿಸಿ ಮಾಡಿ, ಮೇಣ ಸುಮಾರು 60 ಡಿಗ್ರಿಯಲ್ಲಿಯೇ ಕರಗಿದರೂ ಕಬ್ಬಿಣ ಕದಲದಿರುವುದನ್ನು ತೋರಿಸುವ ಪ್ರಯೋಗ ಅದಕ್ಕಿಂತ ಸಪ್ಪೆಯಾಗಿ ಕಂಡರೂ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಕಥೆಯಾದ ಮರುದಿನ ನೀನು ಏನು ಮಾಡುತ್ತೀಯೆ ಎಂಬುದು ಕಥೆಯಷ್ಟೇ ಮುಖ್ಯ. ಕಥೆಯ ಮೇಲೆ ಪ್ರಶ್ನೋತ್ತರ ಬೇಡ, ಎಲ್ಲರಿಗೂ ಒಂದೇ ಚಿತ್ರ ಬರೆಸುವುದೂ ಬೇಡ. ಬದಲಿಗೆ ಹಲವು ಬಾಗಿಲುಗಳನ್ನು ತೆರೆದಿಡು. ಸೂರ್ಯನ ವ್ಯಾಸ ಭೂಮಿಯ ವ್ಯಾಸದ ಸುಮಾರು 109 ಪಟ್ಟು ಎಂದು ಹೇಳಿ, ಒಂದು ಸೆಂಟಿಮೀಟರಿನ ಮಣಿಯನ್ನು ಭೂಮಿಯೆಂದು ಅವರ ಕೈಗೆ ಕೊಡು. 109 ಸೆಂಟಿಮೀಟರ್ ವ್ಯಾಸದ ಸೂರ್ಯನನ್ನು ನೆಲದ ಮೇಲೆ ಎಳೆಯುವುದಕ್ಕೆ ದಾರ, ಸೀಮೆಸುಣ್ಣ, ಅಳತೆಪಟ್ಟಿ ಮತ್ತು ಕನಿಷ್ಠ ಮೂವರು ಮಕ್ಕಳ ಒಮ್ಮತ ಬೇಕಾಗುತ್ತದೆ. ಅದೇ ಅಳತೆಯಲ್ಲಿ ಆ ಮಣಿಯನ್ನು ಸೂರ್ಯನಿಂದ ಎಷ್ಟು ದೂರ ಇಡಬೇಕೆಂದು ಲೆಕ್ಕ ಹಾಕಿದರೆ ಸುಮಾರು 117 ಮೀಟರ್ ಬರುತ್ತದೆ. ತರಗತಿಯಿಂದ ಹೊರಗೆ ಹೋಗದೆ ಗತ್ಯಂತರವಿಲ್ಲ! ಗಣಿತ, ಖಗೋಳ, ಗುಂಪಿನ ಕೆಲಸ ಮೂರೂ ಬೆರೆತ ಇಂಥ ಚಟುವಟಿಕೆಯೊಂದು ನಡೆದರೆ, ಆ ಮಕ್ಕಳಲ್ಲಿ ಯಾರು ಅಳೆಯಬಲ್ಲರು, ಯಾರು ಗುಣಿಸಬಲ್ಲರು, ಯಾರು ಇತರರಿಗೆ ದಾರಿ ಬಿಡುತ್ತಾರೆ ಎಂಬುದು ಯಾವ ಪರೀಕ್ಷೆಯೂ ಇಲ್ಲದೆ ನಿನಗೆ ತಿಳಿಯುತ್ತದೆ.

ಉಳಿದ ನಾಲ್ಕು ಕಥೆಗಳು, ಅಂದರೆ ಜೀವದ ಆಗಮನ, ಮನುಷ್ಯನ ಆಗಮನ, ಬರಹದ ಕಥೆ ಮತ್ತು ಸಂಖ್ಯೆಗಳ ಕಥೆ, ಇದರ ಹಿಂದೆಯೇ ಬಿಡುವು ಕೊಟ್ಟು ಕೊಟ್ಟು ಬರಲಿ. ಒಂದು ಕಥೆ ಎಬ್ಬಿಸಿದ ಕೆಲಸ ನಡೆಯುತ್ತಿರುವಾಗ ಇನ್ನೊಂದನ್ನು ಅದರ ಮೇಲೆ ಹೇರಬಾರದು. ಎಂಟು ವರ್ಷದವರು ಇದನ್ನೆಲ್ಲ ಮೊದಲೇ ಕೇಳಿದ್ದಾರಲ್ಲ ಎಂಬ ಚಿಂತೆ ನಿನಗೆ ಬರಬಹುದು. ಪ್ರತಿ ವರ್ಷವೂ ಹೇಳುವುದೇ ಕ್ರಮ, ಮತ್ತು ಹಿರಿಯ ಮಕ್ಕಳಿಗೆ ಪ್ರಯೋಗಗಳನ್ನು ನಡೆಸುವ ಹೊಣೆಯನ್ನು ವಹಿಸಿದರೆ ಅವರು ಕೇಳುಗರಿಂದ ಹೇಳುವವರಾಗುತ್ತಾರೆ. ಜೀವದ ಕಥೆಯ ಹೊತ್ತಿಗೆ ಕಾಲದ ಗಡಿಯಾರವನ್ನು ತೋರಿಸು. ಭೂಮಿಯ ಸುಮಾರು 454 ಕೋಟಿ ವರ್ಷಗಳನ್ನು ಗಡಿಯಾರದ ಹನ್ನೆರಡು ಗಂಟೆಗಳಿಗೆ ಹಂಚಿದರೆ ಒಂದು ಸೆಕೆಂಡಿಗೆ ಒಂದು ಲಕ್ಷ ವರ್ಷಕ್ಕಿಂತ ತುಸು ಹೆಚ್ಚು ಬರುತ್ತದೆ. ಸುಮಾರು ಮೂರು ಲಕ್ಷ ವರ್ಷಗಳ ಹಿಂದೆ ಕಾಣಿಸಿಕೊಂಡ ನಮ್ಮ ಮನುಷ್ಯ ಪ್ರಭೇದಕ್ಕೆ ಸಿಗುವುದು ಕೊನೆಯ ಮೂರು ಸೆಕೆಂಡುಗಳಷ್ಟೇ. ಈ ಲೆಕ್ಕವನ್ನು ನೀನು ಹೇಳಬೇಡ, ಹಿರಿಯ ಮಕ್ಕಳು ಭಾಗಾಕಾರ ಮಾಡಿ ಕಂಡುಕೊಳ್ಳಲಿ.

ಗಣಿತಕ್ಕೆ ಬಂದಾಗ, ಮಕ್ಕಳಿಗೆ ಪರಿಚಿತವಾದ ಸಾಮಗ್ರಿಯನ್ನೇ ಹೊಸ ಕೋನದಿಂದ ಎದುರಿಗಿಡುವುದು ಒಳ್ಳೆಯದು. ಚಿನ್ನದ ಬಣ್ಣದ ಮಣಿಗಳು ಅವರಿಗೆ ಗೊತ್ತು. ಹತ್ತು ಹತ್ತು ಮಣಿಗಳ ನೂರು ಕಡ್ಡಿಗಳು ಕೊಂಡಿಗೂಡಿದ ಸಾವಿರದ ಸರವನ್ನು ಇಬ್ಬರು ಮಕ್ಕಳು ಉದ್ದಕ್ಕೆ ಬಿಡಿಸಿ, ಚೀಟಿಗಳನ್ನಿಟ್ಟು ಎಣಿಸಿ, ಪ್ರತಿ ನೂರರ ಬಳಿ ನೂರರ ಚೌಕವನ್ನಿಟ್ಟು, ಕೊನೆಯಲ್ಲಿ ಆ ಹತ್ತು ಚೌಕಗಳನ್ನು ಒಂದರ ಮೇಲೊಂದು ಪೇರಿಸಿದಾಗ ಸಾವಿರದ ಘನ ಎದ್ದು ನಿಲ್ಲುತ್ತದೆ. ಅದಾದ ಮೇಲೆ ಮರದ ಸ್ಥಾನಬೆಲೆಯ ಸಾಮಗ್ರಿಯನ್ನು ಹೊರತೆಗೆ. ಒಂದನ್ನು ಸೂಚಿಸುವ ಹಸಿರು ಘನದ ಅಂಚು ಅರ್ಧ ಸೆಂಟಿಮೀಟರ್, ಹತ್ತು ಲಕ್ಷವನ್ನು ಸೂಚಿಸುವ ಹಸಿರು ಘನದ ಅಂಚು ಐವತ್ತು ಸೆಂಟಿಮೀಟರ್. ಅಂಚು ನೂರು ಪಟ್ಟಾದರೆ ಒಳಗಿನ ಅಳತೆ ಹತ್ತು ಲಕ್ಷ ಪಟ್ಟಾಗುತ್ತದೆ ಎಂಬುದನ್ನು ಮಗು ಸೂತ್ರವಾಗಿ ತಿಳಿಯುವುದಕ್ಕೆ ಬಹಳ ಮೊದಲೇ ತನ್ನ ಎರಡು ತೋಳುಗಳಿಂದ ಆ ಘನವನ್ನು ತಬ್ಬಿ ತಿಳಿಯುತ್ತದೆ. ಸ್ಟ್ಯಾಂಪ್ ಆಟ (ಅಂಕೆ ಬರೆದ ಸಣ್ಣ ಬಿಲ್ಲೆಗಳಿಂದ ಲೆಕ್ಕ ಮಾಡುವುದು), ಮಣಿಚೌಕಟ್ಟು (ತಂತಿಗಳಲ್ಲಿ ಮಣಿ ಪೋಣಿಸಿದ ಎಣಿಕೆಯ ಚೌಕಟ್ಟು) ಮುಂತಾದವನ್ನು ಆಮೇಲೆ ಸಣ್ಣ ಗುಂಪುಗಳಲ್ಲಿ ಕೊಡುತ್ತಾ ಹೋಗಬಹುದು.

ಭಾಷೆಯ ವಿಷಯ ಹೆಚ್ಚು ಹೇಳುವುದಿಲ್ಲ. ನಾಮಪದಕ್ಕೆ ದೊಡ್ಡ ಕಪ್ಪು ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ ಎಂಬ ಸಂಕೇತಗಳಿಂದ ತೊಡಗು; "ಬಾಗು", "ಜಿಗಿ", "ಪಿಸುಗುಟ್ಟು" ಎಂಬ ಚೀಟಿಗಳನ್ನು ಓದಿ ಮಾಡಿ ತೋರಿಸುವ ಆಟ ಮೊದಲ ವಾರದ ಬಿಗುವನ್ನೂ ಸಡಿಲಿಸುತ್ತದೆ.

ಇನ್ನು ತರಗತಿಯ ವ್ಯವಸ್ಥೆ. ಕಪಾಟುಗಳನ್ನು ಮೊದಲ ದಿನವೇ ತುಂಬಿಬಿಡಬೇಡ; ಪಾಠವಾದ ಸಾಮಗ್ರಿಗಳಷ್ಟೇ ಹೊರಗಿರಲಿ. ಮೂರು ಗಂಟೆಗಳ ಅಖಂಡ ಕೆಲಸದ ಅವಧಿಯನ್ನು ಯಾವ ಕಾರಣಕ್ಕೂ ತುಂಡರಿಸಬೇಡ. ಅದರ ನಡುವೆ ಒಮ್ಮೆ ಮಕ್ಕಳು ಎದ್ದು ಓಡಾಡುವ, ಗದ್ದಲ ಹೆಚ್ಚುವ ಹೊತ್ತು ಬಂದೇ ಬರುತ್ತದೆ. ಮಾಂಟೆಸರಿ ಇದನ್ನು ಹುಸಿ ಆಯಾಸವೆಂದು ಕರೆದರು, ಏಕೆಂದರೆ ಆ ಗದ್ದಲದ ಬೆನ್ನಿಗೇ ದಿನದ ಅತ್ಯಂತ ಗಾಢವಾದ ಕೆಲಸ ಶುರುವಾಗುತ್ತದೆ. ಹೊಸಬನಾದ ನಿನಗೆ ಆಗ ಗಂಟೆ ಬಾರಿಸಿ ಎಲ್ಲರನ್ನೂ ಒಟ್ಟುಗೂಡಿಸಬೇಕೆನಿಸಬಹುದು. ದಯವಿಟ್ಟು ಹಾಗೆ ಮಾಡಬೇಡ. ಇಬ್ಬರು ಮೂವರಿಗೆ ಮೆಲ್ಲನೆ ದಾರಿ ತೋರಿಸಿ ಕಾದು ನೋಡು.

ನಿಯಮಗಳನ್ನು ನೀನೇ ಬರೆದು ಗೋಡೆಗೆ ಅಂಟಿಸುವುದಕ್ಕಿಂತ, ಅವು ಮಕ್ಕಳ ಸಭೆಯಲ್ಲಿ ಹುಟ್ಟಲಿ. ಒಬ್ಬರ ಚಾಪೆಯನ್ನು ಇನ್ನೊಬ್ಬರು ತುಳಿದದ್ದೋ, ಗಿಡಗಳಿಗೆ ನೀರು ಹಾಕುವ ಸರದಿ ತಪ್ಪಿದ್ದೋ ಸಭೆಗೆ ಬಂದಾಗ ಅವರು ನಡೆಸುವ ಚರ್ಚೆ ನಿನ್ನ ನಿರೀಕ್ಷೆಗಿಂತ ಕಟ್ಟುನಿಟ್ಟಾಗಿರುತ್ತದೆ. ಕೆಲವೊಮ್ಮೆ ಅವರ ತೀರ್ಪನ್ನು ಮೃದುಗೊಳಿಸುವುದೇ ನಿನ್ನ ಕೆಲಸವಾಗುತ್ತದೆ. ಪ್ರತಿಯೊಬ್ಬರಿಗೂ ಒಂದು ಕೆಲಸದ ದಿನಚರಿ ಪುಸ್ತಕವಿರಲಿ. ಯಾವ ಕೆಲಸವನ್ನು ಎಷ್ಟು ಹೊತ್ತಿಗೆ ತೊಡಗಿದೆ, ಎಷ್ಟು ಹೊತ್ತಿಗೆ ಮುಗಿಸಿದೆ ಎಂಬುದನ್ನು ಮಗುವೇ ಬರೆಯಬೇಕು, ವಾರಕ್ಕೊಮ್ಮೆ ನೀವಿಬ್ಬರೂ ಕುಳಿತು ಅದನ್ನು ನೋಡಬೇಕು. ಆ ಮಾತುಕತೆಯಲ್ಲಿ "ಗಣಿತವೇ ಇಲ್ಲವಲ್ಲ" ಎಂದು ದೂರಬೇಡ. "ಮುಂದಿನ ವಾರ ಗಣಿತಕ್ಕೆ ಯಾವ ದಿನ ಇಟ್ಟುಕೊಳ್ಳುತ್ತೀಯೆ" ಎಂದು ಕೇಳಿದರೆ ಮಗು ತಾನೇ ದಿನ ಗೊತ್ತುಮಾಡುತ್ತದೆ, ತಾನು ಗೊತ್ತುಮಾಡಿದ್ದನ್ನು ಬಹುತೇಕ ಪಾಲಿಸುತ್ತದೆ ಕೂಡ.

ಮಕ್ಕಳ ದಿನಚರಿಯ ಜೊತೆಗೆ ನಿನ್ನದೂ ಒಂದು ಇರಲಿ. ಕಥೆಯಾದ ನಂತರ ಮಕ್ಕಳು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ, ಅಂದೇ ಬರೆದಿಟ್ಟುಕೋ. ಮುಂದಿನ ಎರಡು ತಿಂಗಳ ಪಾಠಗಳನ್ನು ಆ ಪಟ್ಟಿಯಿಂದಲೇ ಯೋಜಿಸಬಹುದು. ಅದರ ಒಂದು ಪ್ರತಿಯನ್ನು ನನಗೂ ಕಳುಹಿಸು. ಜೀವದ ಕಥೆಗೆ ಬೇಕಾದ ಕಾಲಪಟ್ಟಿಯನ್ನು ಹೇಗೆ ಸಿದ್ಧಪಡಿಸುವುದೆಂದು ಅಷ್ಟರಲ್ಲಿ ಬರೆದಿಟ್ಟಿರುತ್ತೇನೆ.

ಇಂತಿ,
ನಿನ್ನ ಪ್ರೀತಿಯ ಗೆಳೆಯ