ಚಿತ್ರದ ಪಕ್ಕ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ಗ್ಯಾಲರಿಯೊಂದರಲ್ಲಿ ಮಾಟ, ಪ್ರೇತ, ಸಾವಿನ ಚಿತ್ರಗಳ ಪ್ರದರ್ಶನ ನಡೆಯುತ್ತಿದೆ, ಆದರೆ ಒಂದು ಚಿತ್ರದ ಪಕ್ಕದಲ್ಲೂ ಕನ್ನಡದ ವಿವರಣೆ ಇಲ್ಲ. ಹೆಸರು, ಬೆಲೆ, ಅದೂ ಇಂಗ್ಲಿಷಿನಲ್ಲಿ, ಅಷ್ಟೇ. ನಾನು ಹೋದಾಗ ಒಂದು ಕುಟುಂಬ ತಲೆಬುರುಡೆ, ಕರಿ ಹೋತ ನೋಡಿದ್ದೇ ತಡ, ‘ಇದೇನು ಬಾನಾಮತಿ’ ಅಂತ ಮಕ್ಕಳನ್ನು ಎಳೆದುಕೊಂಡು ಹೊರಟೇಬಿಟ್ಟಿತು. ಅವರದೇನೂ ತಪ್ಪಿಲ್ಲ ಬಿಡಿ.

ಇಂಥ ಚಿತ್ರ ಬರೆದವರೆಲ್ಲ ಮಾಟಗಾರರಲ್ಲ. ಸ್ಪೇನಿನ ಚಿತ್ರಕಾರ ಗೋಯಾ 1819ರಿಂದ 1823ರ ನಡುವೆ ತನ್ನ ಮನೆಯ ಗೋಡೆಗಳ ಮೇಲೇ 14 ಕಪ್ಪು ಚಿತ್ರ ಬರೆದ, ಹೋತದ ರೂಪದ ಸೈತಾನನ ಮುಂದೆ ಗುಂಪುಗೂಡಿದ ಮಾಟಗಾತಿಯರ ಚಿತ್ರವೂ ಅದರಲ್ಲಿದೆ, ಆದರೆ ಮೂಢನಂಬಿಕೆಯನ್ನು 1799ರಲ್ಲೇ ತನ್ನ ಅಚ್ಚುಚಿತ್ರಗಳಲ್ಲಿ ಗೇಲಿ ಮಾಡಿದವನೂ ಅವನೇ. ಇದನ್ನು ಯಾರಾದರೂ ಹೇಳಿದರೆ ತಾನೇ ಗೊತ್ತಾಗುವುದು? ಅಷ್ಟು ದೂರ ಯಾಕೆ, ನಮ್ಮ ಬಾದಾಮಿಯ ಮೊದಲ ಗುಹೆಯಲ್ಲೇ ಅರ್ಧನಾರೀಶ್ವರನ ಪಕ್ಕ ಶಿವಭಕ್ತ ಭೃಂಗಿ ಬರೀ ಎಲುಬಿನ ಹಂದರವಾಗಿ ನಿಂತಿದ್ದಾನೆ. ಅವನನ್ನು ಕಂಡು ಯಾರೂ ಓಡುವುದಿಲ್ಲ, ಕಥೆ ಗೊತ್ತಿದೆ ಅಲ್ವಾ!

ಪ್ರದರ್ಶನ ನಿಲ್ಲಿಸಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸುಮ್ನೆ ಬಾಗಿಲು ಹಾಕಿದರೆ ಭಯ ಜಾಸ್ತಿಯೇ ಆಗುತ್ತದೆ. ಆಯೋಜಕರು ಪ್ರತಿ ಚಿತ್ರದ ಪಕ್ಕ ಕನ್ನಡದಲ್ಲಿ, ಸಾಧ್ಯವಾದರೆ ಮರಾಠಿಯಲ್ಲೂ, ನಾಲ್ಕು ಸಾಲು ಅಂಟಿಸಲಿ. ಚಿಕ್ಕ ಮಕ್ಕಳು ಹೆದರಬಹುದು ಎಂದು ಬಾಗಿಲಲ್ಲೇ ಒಂದು ಬೋರ್ಡ್ ಇರಲಿ. ಭಾನುವಾರ ಸಂಜೆ ಕಲಾವಿದರೇ ಅರ್ಧ ಗಂಟೆ ನಿಂತು ಜನರ ಪ್ರಶ್ನೆಗೆ ಉತ್ತರ ಕೊಡಲಿ.

— ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ