ವೆಬ್‌ಸೈಟಲ್ಲಿ ಅಕ್ಷರನ ಅಕ್ಷರವಾಗೇ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಮ್ಮಣ್ಣನಿಗೆ ಕಣ್ಣು ಕಾಣಲ್ಲ. ಫೋನಲ್ಲಿ ಟಾಕ್‌ಬ್ಯಾಕ್ ಆನ್ ಮಾಡ್ಕೊಂಡು, ಸ್ಕ್ರೀನ್ ಮೇಲೆ ಬೆರಳಾಡಿಸ್ತಾ ಅದು ಓದಿ ಹೇಳೋದನ್ನ ಕೇಳಿಸ್ಕೊಂಡೇ ಎಲ್ಲಾ ಕೆಲಸ ಮಾಡ್ಕೊತಾನೆ. ಮೊನ್ನೆ ಒಂದು ಕೋರ್ಸಿಗೆ ಅರ್ಜಿ ಹಾಕೋಣ ಅಂತ ಒಂದು ಸಂಸ್ಥೆಯ ವೆಬ್‌ಸೈಟ್ ತೆಗೆದಿದ್ದ, ಕನ್ನಡದಲ್ಲೇ ಇದೆ ಅಂತ ಖುಷಿಯಾಗಿದ್ದ, ಆದ್ರೆ ಕೊನೇ ದಿನ ಯಾವತ್ತು ಅಂತ ಹುಡುಕ್ತಾ ಹೋದ್ರೆ ಫೋನ್ ಹೇಳಿದ್ದು ಇಷ್ಟೇ, "ಐಎಂಜಿ ನಾಲ್ಕು ಸೊನ್ನೆ ಮೂರು ಎರಡು, ಚಿತ್ರ". ಮತ್ತೆ ಬೆರಳಿಟ್ರೆ ಮತ್ತೆ ಅದೇ. ನಾನು ಹೋಗಿ ನೋಡಿದ್ರೆ ದಿನಾಂಕ, ಅರ್ಹತೆ, ಏನೇನು ದಾಖಲೆ ಬೇಕು, ಅಷ್ಟನ್ನೂ ಒಂದು ಪೋಸ್ಟರ್ ಮಾಡಿ ಫೋಟೋ ಥರ ಅಂಟಿಸಿಬಿಟ್ಟಿದ್ದಾರೆ. ಕಣ್ಣು ಚೆನ್ನಾಗಿರೋ ನಾನೂ ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡ್ಬೇಕಾಯ್ತು, ದೊಡ್ಡದು ಮಾಡಿದಷ್ಟೂ ಮಸುಕು, 3ನೇ ತಾರೀಕೋ 8ನೇ ತಾರೀಕೋ ನನಗೂ ಗೊತ್ತಾಗ್ಲಿಲ್ಲ.

ನಾನು ವೆಬ್‌ಸೈಟ್ ಮಾಡೋ ಕೆಲಸದಲ್ಲೇ ಇರೋನು, ಅದಕ್ಕೆ ಸುಮ್ನಿರೋಕಾಗದೆ ಬರೀತಿದೀನಿ. ಯೂನಿಕೋಡ್ ಅಂದ್ರೆ ಎಲ್ಲಾ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಲ್ಲಿ ಒಂದೊಂದು ನಂಬರ್ ಕೊಟ್ಟಿರೋ ವ್ಯವಸ್ಥೆ, ಕನ್ನಡ ಅಕ್ಷರ ಅದರಲ್ಲಿ ಇವತ್ತು ನಿನ್ನೆ ಬಂದಿದ್ದಲ್ಲ, 1991ರ ಮೊದಲನೇ ಆವೃತ್ತಿಯಲ್ಲೇ ಇದೆ. ಆದ್ರೂ ಜನ ಪೋಸ್ಟರ್ ಹಾಕೋದು ಯಾಕಂದ್ರೆ, ಪ್ರಿಂಟಿಗೆ ಅಂತ ಯೂನಿಕೋಡ್ ಅಲ್ಲದ ಹಳೇ ಫಾಂಟಲ್ಲಿ ಟೈಪ್ ಮಾಡಿರ್ತಾರೆ, ಅದನ್ನ ಕಾಪಿ ಮಾಡಿ ವೆಬ್‌ಸೈಟಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಆಗುತ್ತೆ, ಸರಿ ಫೋಟೋನೇ ಹಾಕಿಬಿಡೋಣ ಅಂತ. ಆ ಹಳೇ ಅಕ್ಷರನ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗಳು ಫ್ರೀಯಾಗೇ ಸಿಗುತ್ವೆ. ಅದೂ ಬೇಡ ಅಂದ್ರೆ ಇನ್ನೊಂದ್ಸಲ ಟೈಪ್ ಮಾಡಿ, ಹತ್ತು ಸಾಲಿಗೆ ಎಷ್ಟು ಹೊತ್ತು ಬೇಕು. ಅಕ್ಷರವಾಗಿ ಇದ್ರೆ ಹುಡುಕಿದೋರಿಗೆ ಸಿಗುತ್ತೆ, ಬೇಕಾದೋರು ಕಾಪಿ ಮಾಡ್ಕೊತಾರೆ, ಮಸುಕಾಗದೆ ದೊಡ್ಡದಾಗುತ್ತೆ, ನಮ್ಮಣ್ಣನ ಫೋನೂ ಓದುತ್ತೆ.

ಫೋಟೋ ಹಾಕಲೇಬೇಕು ಅಂತಿದ್ರೆ ಅದರ ಆಲ್ಟ್ ಟೆಕ್ಸ್ಟ್, ಅಂದ್ರೆ ಚಿತ್ರದ ಬದಲು ಫೋನ್ ಓದಿ ಹೇಳೋ ವಿವರಣೆ, ತುಂಬಿ. ಅದರಲ್ಲಿ "ಚಿತ್ರ" ಅಂತ ಬರೀಬೇಡಿ, ಚಿತ್ರ ಅಂತ ಫೋನೇ ಹೇಳುತ್ತೆ, ಅದರೊಳಗೆ ಏನಿದೆ ಅಂತ ಒಂದು ವಾಕ್ಯ ಬರೀರಿ. ಬರೀ ಅಲಂಕಾರಕ್ಕೆ ಹಾಕಿರೋ ಹೂವು ಗೆರೆ ಥರದ್ದಾದ್ರೆ ಆಲ್ಟ್ ಖಾಲಿ ಇಡಿ, ಟಾಕ್‌ಬ್ಯಾಕ್ ಥರದ ಸ್ಕ್ರೀನ್ ರೀಡರ್ ಅದನ್ನ ಬಿಟ್ಟು ಮುಂದಕ್ಕೆ ಹೋಗುತ್ತೆ. ಇನ್ನೊಂದು, ಪೇಜಿನ ಕೋಡ್ ಆದ ಎಚ್‌ಟಿಎಂಎಲ್ ಶುರುವಲ್ಲಿ, ಭಾಷೆ ಯಾವುದು ಅಂತ ಹೇಳೋ ಲ್ಯಾಂಗ್ ಅನ್ನೋ ಜಾಗದಲ್ಲಿ ಕನ್ನಡಕ್ಕೆ ಕೆಎನ್ ಅಂತ ಹಾಕೋದು ತುಂಬಾ ಜನ ಮರೀತಾರೆ, ಎಲ್ಲಿಂದಲೋ ತಂದ ಟೆಂಪ್ಲೇಟಲ್ಲಿ ಇಂಗ್ಲಿಷಿನ ಇಎನ್ ಅಂತಲೇ ಉಳಿದಿರುತ್ತೆ, ಆಗ ಕೆಲವು ಸಲ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದೋಕೆ ಹೋಗಿ ಒಂದಕ್ಷರಾನೂ ಅರ್ಥ ಆಗಲ್ಲ. ಎರಡೇ ಅಕ್ಷರದ ಕೆಲಸ ಅದು.

ಬರವಣಿಗೆ ವಿಷಯಕ್ಕೆ ಬರ್ತೀನಿ. ಜನ ವೆಬ್‌ಸೈಟನ್ನ ಪುಸ್ತಕದ ಥರ ಓದಲ್ಲ. 1997ರಲ್ಲೇ ಜೇಕಬ್ ನೀಲ್ಸನ್ ಅನ್ನೋ ವೆಬ್ ತಜ್ಞರು ಪರೀಕ್ಷೆ ಮಾಡಿ ನೋಡಿದಾಗ, ಹೊಸ ಪೇಜ್ ತೆಗೆದೋರಲ್ಲಿ ಶೇ 79ರಷ್ಟು ಜನ ಸುಮ್ನೆ ಮೇಲ್ಮೇಲೆ ಕಣ್ಣಾಡಿಸ್ತಿದ್ರಂತೆ, ಒಂದೊಂದೇ ಪದ ಓದ್ತಿದ್ದೋರು ಶೇ 16 ಮಾತ್ರ. ಅಂಥದ್ರಲ್ಲಿ ನಾವು "ಆಸಕ್ತ ಅಭ್ಯರ್ಥಿಗಳು ನಿಗದಿತ ನಮೂನೆಯಲ್ಲಿ ಅರ್ಜಿಯನ್ನು ಭರ್ತಿ ಮಾಡಿ ನಿಗದಿತ ದಿನಾಂಕದೊಳಗಾಗಿ ಸಲ್ಲಿಸತಕ್ಕದ್ದು" ಅಂತ ಶುರು ಮಾಡ್ತೀವಿ. ಎರಡು ಸಲ ನಿಗದಿತ ಅಂತ ಬಂತು, ಏನು ನಿಗದಿ ಆಗಿದೆ ಅಂತ ಒಂದ್ಸಲಾನೂ ಬರಲಿಲ್ಲ. "ಅರ್ಜಿ ಹಾಕೋಕೆ ಜೂನ್ 8 ಕೊನೇ ದಿನ, ಮಾರ್ಕ್ಸ್ ಕಾರ್ಡ್ ಮತ್ತು ಒಂದು ಫೋಟೋ ಬೇಕು" ಅಂತ ಮೊದಲನೇ ಸಾಲಲ್ಲೇ ಬರೆದ್ರೆ ಬಂದೋರ ಕೆಲಸ ಅಲ್ಲಿಗೇ ಮುಗೀತು. ಸ್ವಾಗತ, ಸಂಸ್ಥೆಯ ಇತಿಹಾಸ, ಅಧ್ಯಕ್ಷರ ಸಂದೇಶ ಎಲ್ಲಾ ಕೆಳಗಿರಲಿ, ಬೇಕಾದೋರು ಇಳಿದು ಓದ್ತಾರೆ.

ಲಿಂಕಿಗೆ ದಯವಿಟ್ಟು "ಇಲ್ಲಿ ಕ್ಲಿಕ್ ಮಾಡಿ" ಅಂತ ಹಾಕಬೇಡಿ. ನಮ್ಮಣ್ಣ ಪೇಜ್ ಪೂರ್ತಿ ಕೇಳೋ ಬದಲು ಒಂದು ಲಿಂಕಿಂದ ಇನ್ನೊಂದಕ್ಕೆ ಹಾರ್ತಾ ಹೋಗ್ತಾನೆ, ಅವನಿಗೆ ಕೇಳಿಸೋದು ಏಳು ಸಲ ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ. ಎಲ್ಲಿ ಅಂತ ಹೇಗೆ ಗೊತ್ತಾಗ್ಬೇಕು ಅವನಿಗೆ? "ಅರ್ಜಿ ಫಾರಂ ಡೌನ್‌ಲೋಡ್ ಮಾಡಿ" ಅಂದ್ರೆ ಎಲ್ರಿಗೂ ಗೊತ್ತಾಗುತ್ತೆ.

ಡಿಸೈನ್ ಮಾಡೋರು ಇಂಗ್ಲಿಷಿಗೆ ಅಂತ ಹೊಲೆದ ಅಂಗೀನ ಕನ್ನಡಕ್ಕೆ ತೊಡಿಸಿಬಿಡ್ತಾರೆ, ಇದು ನನಗೆ ನಿಜಕ್ಕೂ ಬೇಜಾರು. "ಸ್ವಾತಂತ್ರ್ಯ" ಅಂತ ಒಂದ್ಸಲ ಬರೆದು ನೋಡಿ, ಒತ್ತಕ್ಷರ ಎಷ್ಟು ಕೆಳಗಿಳಿಯುತ್ತೆ ಅಂತ. ಇಂಗ್ಲಿಷಿಗೆ ಸಾಕಾಗೋ ಲೈನ್ ಹೈಟಲ್ಲಿ, ಅಂದ್ರೆ ಒಂದು ಸಾಲಿಂದ ಇನ್ನೊಂದು ಸಾಲಿಗೆ ಇರೋ ಅಂತರದಲ್ಲಿ, ಅದು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ. ಕನ್ನಡಕ್ಕೆ ನಾನು ಅದನ್ನ ಅಕ್ಷರದ ಸೈಜಿನ 1.7 ಪಟ್ಟು ಇಡ್ತೀನಿ, 1.6ಕ್ಕಿಂತ ಕಮ್ಮಿ ಯಾವತ್ತೂ ಇಡಲ್ಲ, ಅಕ್ಷರದ ಸೈಜ್ 16 ಪಿಕ್ಸೆಲ್‌ಗಿಂತ ಇಳಿಸಲ್ಲ. ಎರಡೂ ಅಂಚು ಸಮ ಮಾಡೋ ಜಸ್ಟಿಫೈ ಬೇಡವೇ ಬೇಡ, ನಮ್ಮ ಪದಗಳು ಉದ್ದ, ಫೋನಿನ ಸಣ್ಣ ಅಗಲದಲ್ಲಿ ಸಾಲಿಗೆ ಎರಡು ಮೂರು ಪದ ಕೂತು ಮಧ್ಯೆ ಹಲ್ಲು ಬಿದ್ದಂಗೆ ಕಾಣುತ್ತೆ. ಬಣ್ಣಕ್ಕೂ ಒಂದು ಲೆಕ್ಕ ಇದೆ, ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದ್ರೆ ತಿಳಿ-ಗಾಢದ ವ್ಯತ್ಯಾಸ, ಕನಿಷ್ಠ 4.5:1 ಇರ್ಬೇಕು ಅಂತ, ವೆಬ್‌ಸೈಟ್ ಎಲ್ರಿಗೂ ಬಳಸೋಕಾಗ್ಲಿ ಅಂತ ಮಾಡಿರೋ ಡಬ್ಲ್ಯುಸಿಎಜಿ ಗೈಡ್‌ಲೈನ್ ಹೇಳುತ್ತೆ. ಬಿಳಿ ಮೇಲೆ 767676 ಅನ್ನೋ ಕೋಡಿನ ಬೂದು ಬಣ್ಣ ಅಂಚಲ್ಲಿ ಪಾಸಾಗುತ್ತೆ, ಅದಕ್ಕಿಂತ ತಿಳಿ ಆದ್ರೆ ಫೇಲು. ಬಿಸಿಲಲ್ಲಿ ನಿಂತು ಫೋನ್ ನೋಡಿದೋರಿಗೆ ಇದನ್ನ ವಿವರಿಸೋದೇ ಬೇಡ.

ಫೋಟೋಗಳನ್ನ ಕ್ಯಾಮೆರಾದಿಂದ ಬಂದಂಗೇ ಏರಿಸ್ಬೇಡಿ, ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನೋ ಕಮ್ಮಿ ತೂಕದ ಫೈಲ್ ಮಾಡಿ ಹಾಕಿ, ನೆಟ್ ಸ್ಲೋ ಇರೋರಿಗೂ ಪೇಜ್ ತೆರೆಯುತ್ತೆ. ಎಲ್ಲಾ ಆದ್ಮೇಲೆ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಕೊಂಡು, ನಿಮ್ಮ ಪೇಜಲ್ಲಿ ಕೊನೇ ದಿನಾಂಕ ಹುಡುಕಿ ನೋಡಿ.

ಅಣ್ಣನ ಅರ್ಜಿಗೆ ಕೊನೆಗೆ ಫೋನ್ ಮಾಡಿ ಕೇಳಿದ್ವಿ, 8ನೇ ತಾರೀಕಂತೆ, ಹಾಕಿ ಆಯ್ತು. ಆ ಪೋಸ್ಟರಲ್ಲಿದ್ದ ಅಷ್ಟನ್ನೂ ನಾನೇ ಯೂನಿಕೋಡಲ್ಲಿ ಟೈಪ್ ಮಾಡಿ ಸಂಸ್ಥೆಯವರಿಗೆ ಮೇಲ್ ಕಳಿಸಿದೀನಿ, ಅವರು ಕಾಪಿ ಮಾಡಿ ಹಾಕಿದ್ರೆ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ