ಮಾಟುಂಗದಲ್ಲಿ ಊಟ ಮಾಡಿ ಬಂದ ಮೇಲೆ ಮಗಳಿಗೆ

ಪುಟ್ಟಿ,

ರೈಲಿನಲ್ಲಿ ತೊಂದರೆ ಆಗಲಿಲ್ಲ. ಬೆಳಗಿನ ಜಾವ ಕುಂದಾಪುರದಲ್ಲಿ ಇಳಿದೆ. ಫೋನು ಮಾಡಿದರೆ ನನ್ನ ಸ್ವರ ಏರುತ್ತದೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಬೊಂಬಾಯಿಯ ಮಾಟುಂಗದ ಹೋಟೆಲಿನಲ್ಲಿ ಆದದ್ದು ನಿನಗೂ ಗೊತ್ತು, ಮತ್ತೆ ಕೆದಕುವುದಿಲ್ಲ. ನಿನ್ನ ಆಫೀಸಿನವರ ಎದುರು ನಾನು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಎತ್ತಿದೆ. ನೀನು ಕಸಿದುಕೊಂಡು "ಅಪ್ಪಯ್ಯ, ಬಿಡಿ, ಅದಕ್ಕೆ ಜನ ಇದ್ದಾರೆ" ಅಂದೆ. ಆಮೇಲೆ ಸ್ಟೇಷನ್ನಿನವರೆಗೂ ಇಬ್ಬರಿಗೂ ಮಾತಿಲ್ಲ.

ನಾನು 1978ರಲ್ಲಿ ಬೊಂಬಾಯಿಗೆ ಹೋದದ್ದು, ಹೋಟೆಲಿನಲ್ಲಿ ಮೇಜು ಒರೆಸಿದ್ದು, ಅದೇ ಮೇಜುಗಳನ್ನು ಜೋಡಿಸಿ ಮಲಗಿದ್ದು, ಕನ್ನಡ ರಾತ್ರಿ ಶಾಲೆಯಲ್ಲಿ ನಿದ್ದೆಗಣ್ಣಲ್ಲಿ ಓದಿದ್ದು ಎಲ್ಲ ನೀನು ಕೇಳಿ ಕೇಳಿ ಸಾಕಾಗಿದೆ. ಒಂದು ಸಂಗತಿ ಮಾತ್ರ ಹೇಳಿಲ್ಲ. ನಿನ್ನ ಅಮ್ಮನಿಗೂ ಹೇಳಿಲ್ಲ.

ನಾನು ಅಲ್ಲಿ ಇದ್ದಾಗ ನಿನ್ನ ಅಜ್ಜಯ್ಯ ಒಮ್ಮೆ ನೋಡಲು ಬಂದಿದ್ದರು. ಆಗ ನಮ್ಮ ಕಡೆ ರೈಲು ಎಲ್ಲಿತ್ತು? ಬಸ್ಸಿನಲ್ಲಿ ಬಂದು, ಕಾಲು ಊದಿಸಿಕೊಂಡು, ಮಧ್ಯಾಹ್ನದ ಗಿರಾಕಿಯ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಧಣಿ ಅವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಕೂರಿಸಿ ಎಲೆ ಹಾಕಿಸಿದರು. ಪಕ್ಕದಲ್ಲಿ ಯಾರೋ ಬ್ಯಾಂಕಿನವರು, ಎದುರಿಗೆ ಮಾರ್ಕೆಟಿನ ಹಮಾಲರು. ಅಜ್ಜಯ್ಯ ತಲೆ ಎತ್ತದೆ ಉಂಡರು. ಸಪ್ಲೈಯರು ಎರಡನೇ ಸಲ ಅನ್ನ ತಂದರೆ ಕೈ ಅಡ್ಡ ಹಿಡಿದರು. ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು ಅಂತ ಅವರಿಗೆ ಗೊತ್ತಿರಲಿಲ್ಲ.

ಊಟ ಆಯಿತು. ಮನೆಯಲ್ಲಿ ಮಾಡುವ ಹಾಗೆ ಎಲೆ ಮಡಚಿ, ಕೈಯಲ್ಲಿ ಹಿಡಿದುಕೊಂಡು ಎದ್ದರು. ಎಲ್ಲಿ ಹಾಕುವುದು ಅಂತ ಸುತ್ತ ನೋಡಿದರು. ನಾನು ಓಡಿ ಹೋಗಿ ಎಲೆಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ, ಅದು ನನ್ನ ಕೆಲಸ, ಧಣಿ ಗಲ್ಲಾದಿಂದ ನೋಡುತ್ತಿದ್ದರು. ಸಾರು ನೆಲಕ್ಕೆ ಸುರಿಯಿತು. ಅಜ್ಜಯ್ಯ ಮೆಲ್ಲಗೆ ಕೇಳಿದರು, "ಎಲ್ಲರ ಎಂಜಲು ನೀನೇ ತೆಗೂದಾ ಮಗಾ?" ಹೌದು ಅಂದೆ. ಎಲೆ ಬಿಟ್ಟರು.

ನಮ್ಮೂರಲ್ಲಿ ಯಾರ ಎಲೆ ಯಾರು ಎತ್ತಬೇಕು ಅಂತ ಜಾತಿ ನೋಡಿ ತೀರ್ಮಾನ ಆಗುತ್ತಿದ್ದ ಕಾಲ ಅದು. ಬೇರೆಯವರ ಎಲೆ ಎತ್ತುವುದೆಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೋ, ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಹಮಾಲರ ಎಲೆಯೂ ನಾನೇ ಎತ್ತುತ್ತಿದ್ದೆ, ಬ್ಯಾಂಕಿನವರದ್ದೂ ನಾನೇ. ಆ ಸಂಬಳದಲ್ಲಿ ಊರಿಗೆ ಮನಿಯಾರ್ಡರ್ ಹೋಗುತ್ತಿತ್ತು. ಇದನ್ನು ಅಜ್ಜಯ್ಯನಿಗೆ ಹೇಳಬೇಕಿತ್ತು. ಸಂಜೆ ಬಸ್ಸು ಹತ್ತಿಸುವಾಗಲೂ ಮಾತು ಬರಲಿಲ್ಲ. ಮುಂದೆ ಅವರು ಆ ವಿಷಯ ಎತ್ತಲೇ ಇಲ್ಲ, ಸಾಯುವವರೆಗೂ. ಎಲೆ ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡರು? ನನ್ನ ಮೇಲೆ ಸಿಟ್ಟೇ? ಕಳಿಸಿದ್ದಕ್ಕೆ ತಮ್ಮ ಮೇಲೇ ಸಿಟ್ಟೇ? ಈಗಲೂ ರಾತ್ರಿ ಎಚ್ಚರ ಆದರೆ ಇದೇ ಯೋಚನೆ.

ಮೊನ್ನೆ ನೀನು ತಟ್ಟೆ ಕಸಿದುಕೊಂಡಾಗ, ನನ್ನಿಂದ ನಿನಗೆ ನಾಚಿಕೆ ಆಯಿತು ಅಂದುಕೊಂಡೆ. ರತ್ನಾಗಿರಿ ದಾಟುವವರೆಗೂ ಅದೇ ಸಂಕಟ. ಆಮೇಲೆ ನಿನ್ನ ಕೈ ನೆನಪಾಯಿತು. ನೀನೂ ತಟ್ಟೆಯನ್ನು ಅಷ್ಟೇ ಗಟ್ಟಿಯಾಗಿ ಹಿಡಿದಿದ್ದೆ. ಅಜ್ಜಯ್ಯನಿಗೆ ಆದದ್ದೇ ನಿನಗೂ ಆಗಿರಬಹುದು, ಅಲ್ವಾ? ಹಾಗಿದ್ದರೆ, ನಾನು ದಾರಿಯಲ್ಲಿ ಮುಖ ಗಂಟು ಹಾಕಿಕೊಂಡು ನಡೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಆದರೂ ಹೇಳುತ್ತೇನೆ. "ಅದಕ್ಕೆ ಜನ ಇದ್ದಾರೆ" ಅನ್ನಬೇಡ. ನಮಗೆ ಬಡಿಸಿದ ಹುಡುಗ ಅಲ್ಲೇ ನಿಂತಿದ್ದ. ನೇಪಾಳದವನಂತೆ, ಕೈ ತೊಳೆಯಲು ಹೋದಾಗ ಕೇಳಿದೆ. ಈಗ ಆ ಹೋಟೆಲುಗಳಲ್ಲಿ ನಮ್ಮ ಕಡೆಯ ಹುಡುಗರು ಕಡಿಮೆ. ಅವನೂ ಊರಿಗೆ ದುಡ್ಡು ಕಳಿಸುತ್ತಾನೆ. ಬಡಿಸುವವರ ಮುಖ ನೋಡಿ ಮಾತಾಡು. ಮೊಬೈಲು ನೋಡುತ್ತಾ "ಭಯ್ಯಾ, ಪಾನಿ" ಅನ್ನುವುದು ಬೇಡ. ಬಿಲ್ಲು ಕಾರ್ಡಿನಲ್ಲಿ ಕೊಟ್ಟರೂ ಟಿಪ್ಸನ್ನು ಅವರ ಕೈಗೇ ಕೊಡು. ತಟ್ಟೆಯಲ್ಲಿ ಅನ್ನ ಬಿಟ್ಟು ಅದರಲ್ಲೇ ಟಿಶ್ಯೂ ತುರುಕಬೇಡ, ಎತ್ತುವವರಿಗೆ ಅದು ತುಂಬಾ ಹೇಸಿಗೆ. ನಿನ್ನ ಗೆಳತಿ ಹಾಗೆ ಮಾಡಿದಳು. ಅವಳಿಗೆ ನಾನು ಹೇಳಲು ಆಗುವುದಿಲ್ಲ, ನೀನು ಹೇಳು.

ಬಿಲ್ಲು ನೀನು ಕೊಟ್ಟೆಯಲ್ಲ, ಎಷ್ಟಾಯಿತು ಅಂತ ನೋಡಲು ನೀನು ಬಿಡಲಿಲ್ಲ. ಮಾಟುಂಗದಲ್ಲಿ ಕುರ್ಚಿಯಲ್ಲಿ ಕೂತು, ಮಗಳ ಸಂಬಳದಲ್ಲಿ ಉಂಡು ಬಂದೆ ಅಂತ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಜಗಳದ ವಿಷಯ ಯಾರಿಗೂ ಹೇಳಿಲ್ಲ.

ನನಗೆ ಚಿಂತೆ ಇರುವುದು ನಿನ್ನ ರಾತ್ರಿ ಊಟದ್ದು. ಹನ್ನೊಂದು ಗಂಟೆಗೆ ಡಬ್ಬದಲ್ಲಿ ಬಂದದ್ದನ್ನು ಮಂಚದ ಮೇಲೆ ಒಬ್ಬಳೇ ಕೂತು ತಿನ್ನುತ್ತೀಯ. ಹೊಟ್ಟೆಗೂ ಒಳ್ಳೆಯದಲ್ಲ, ಮನಸ್ಸಿಗೂ ಅಲ್ಲ. ವಾರಕ್ಕೊಮ್ಮೆಯಾದರೂ ಜನರ ಜೊತೆ ಕೂತು ಉಣ್ಣು. ಮಾಟುಂಗ ಸ್ಟೇಷನ್ನಿನ ಪಕ್ಕ, ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರದ್ದು. ರಾಮ ನಾಯಕರೂ ನಮ್ಮ ಕರಾವಳಿಯಿಂದ ಚಿಕ್ಕ ಹುಡುಗನಾಗಿ ಹೋದವರೇ. ಅಲ್ಲಿ ಒಬ್ಬಳೇ ಹೋದರೂ ಒಬ್ಬಳೇ ಕೂರಬೇಕಾಗಿಲ್ಲ, ಗುರುತಿಲ್ಲದವರ ಪಕ್ಕದಲ್ಲಿ ಜಾಗ ಕೊಡುತ್ತಾರೆ. ಎಲೆ ಊಟವನ್ನೇ ಕೇಳು. ಸೋಮವಾರ ರಜೆ. ಭಾನುವಾರ ಜನ ಜಾಸ್ತಿ, ಬೇಗ ಹೋಗು. ಸಾರು ಎರಡನೇ ಸಲ ಹಾಕಿಸಿಕೋ, ನಾಚಿಕೆ ಬೇಡ.

ಹೋದ ದಿನ ಫೋನು ಮಾಡು. ಪಲ್ಯ ಯಾವುದಿತ್ತು ಅಂತ ಹೇಳು.

ನಿನ್ನ,
ಅಪ್ಪಯ್ಯ